ನಾಲ್ಕನೆಯ ವರ್ಷದಲ್ಲಿ ಏನಿದೆ? — ಉನ್ನತ ಶಿಕ್ಷಣ ನೀತಿಯನ್ನು ಓದಿದ ಮೇಲೆ

ಸಂಘದ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲ ಹಂಚಿಕೊಂಡು ಕುಳಿತಿದ್ದಾಗ ಹಿರಿಯರೊಬ್ಬರು ನಮ್ಮ ಮಗಳನ್ನು ಕೇಳಿದರು: "ಏನಮ್ಮಾ, ನಿನ್ನ ಡಿಗ್ರಿ ಈ ವರ್ಷಕ್ಕೆ ಮುಗೀತಲ್ಲ?" ಆಕೆ, "ಗೊತ್ತಿಲ್ಲ ಅಂಕಲ್, ಮುಗಿದರೂ ಮುಗೀಬಹುದು, ಇಲ್ಲದಿದ್ದರೂ ಇಲ್ಲ" ಎಂದಳು. ಹಿರಿಯರು ನಕ್ಕುಬಿಟ್ಟರು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆಕೆ ಹೇಳಿದ್ದು ತಮಾಷೆಯಲ್ಲ, ಅಕ್ಷರಶಃ ನಿಜ.

ದೆಹಲಿಯ ಕಾಲೇಜೊಂದರಲ್ಲಿ ಆಕೆ ಬಿ.ಎಸ್ಸಿ. ರಸಾಯನಶಾಸ್ತ್ರದ ಮೂರನೆಯ ವರ್ಷದಲ್ಲಿದ್ದಾಳೆ. ಮೂರು ವರ್ಷಕ್ಕೆ ಸಾಕೆಂದರೆ ಪದವಿ ಕೈಗೆ ಬರುತ್ತದೆ. ಇನ್ನೊಂದು ವರ್ಷ ಉಳಿದರೆ ಆನರ್ಸ್. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಬಂದಿದ್ದರೆ 'ಸಂಶೋಧನೆಯೊಡನೆ ಆನರ್ಸ್'. ಇತ್ತ ದಾವಣಗೆರೆಯಲ್ಲಿ ನಮ್ಮ ತಂಗಿಯ ಮಗ ಈಗಷ್ಟೆ ಬಿ.ಎಸ್ಸಿ. ಸೇರಿದ್ದಾನೆ, ಅವನಿಗೆ ಮೂರೇ ವರ್ಷ, ನಾಲ್ಕನೆಯದು ಎಂಬ ಮಾತೇ ಇಲ್ಲ. ಒಂದೇ ದೇಶ, ಒಂದೇ ವಿಷಯ, ಒಂದೇ ಮನೆತನದ ಎರಡು ಮಕ್ಕಳು. ಲೆಕ್ಕ ಮಾತ್ರ ಎರಡು. "ಅಣ್ಣಾ, ನೀನು ಸೆಂಟ್ರಲ್ ಗೌರ್ಮೆಂಟಿನಲ್ಲಿದ್ದೀಯ, ಯಾವುದು ಒಳ್ಳೆಯದು ಹೇಳು" ಎಂದು ತಂಗಿ ಫೋನಿನಲ್ಲಿ ಕೇಳಿದಳು. ಸೆಂಟ್ರಲ್ ಗೌರ್ಮೆಂಟಿನಲ್ಲಿ ಇರುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ಹೇಗೆ ತಿಳಿಸುವುದು? ಆದರೂ ಕೇಳಿದವರಿಗೆ ಉತ್ತರ ಕೊಡಬೇಕಲ್ಲ. ಹಾಗಾಗಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 66 ಪುಟಗಳನ್ನು ಮೂರು ಭಾನುವಾರ ಕುಳಿತು ಓದಿದೆವು.

ನಾವು ಶಿಕ್ಷಣತಜ್ಞರಲ್ಲ. ಬಿ.ಎಸ್ಸಿ. ಓದಿ, ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು, ಎರಡು ದಶಕಗಳಿಂದ ಕಡತಗಳ ನಡುವೆ ಇರುವ ಗುಮಾಸ್ತರು. ಮೇಜಿನ ಮೇಲೆ ಯಾವ ಪ್ರಸ್ತಾವನೆ ಬಂದರೂ ನಮ್ಮ ಕಣ್ಣು ಮೂರು ವಿಷಯಗಳನ್ನು ಹುಡುಕುತ್ತದೆ: ಇದನ್ನು ಮಾಡುವವರು ಯಾರು? ಯಾವ ಲೆಕ್ಕದ ಹಣದಿಂದ? ಯಾವ ತಾರೀಖಿನೊಳಗೆ? ಶಿಕ್ಷಣ ನೀತಿಯನ್ನೂ ಅದೇ ಕಣ್ಣಿನಿಂದ ಓದಿದ್ದೇವೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನೀತಿ ಹೇಳುವುದೇನು?

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಇಸ್ರೋ ಅಧ್ಯಕ್ಷರಾಗಿದ್ದ ದಿವಂಗತ ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಸಮಿತಿ 2019ರಲ್ಲಿ ಸಲ್ಲಿಸಿದ ಕರಡು 484 ಪುಟಗಳದ್ದು. ಅದನ್ನು ಭಟ್ಟಿ ಇಳಿಸಿದ್ದೇ ಈ ನೀತಿ. ರೋಗ ಯಾವುದೆಂದು ಇದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಮ್ಮ ಬಹುಪಾಲು ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಸಂಶೋಧನೆಗೆ ಒತ್ತಿಲ್ಲ. ನೂರಾರು ಕಾಲೇಜುಗಳನ್ನು ಬಾಲದಂತೆ ಕಟ್ಟಿಕೊಂಡ ವಿಶ್ವವಿದ್ಯಾಲಯಗಳಿಂದ ಪದವಿಯ ಮಟ್ಟ ಕುಸಿದಿದೆ. ಸಂಶೋಧನೆಗೆ ದೇಶ ಖರ್ಚು ಮಾಡುತ್ತಿರುವುದು ಒಟ್ಟು ಉತ್ಪನ್ನದ ಶೇಕಡಾ 0.69 ಮಾತ್ರ. ಇವೆಲ್ಲ ನೀತಿಯೇ ಒಪ್ಪಿಕೊಂಡ ಮಾತುಗಳು. 2018ರಲ್ಲಿ ಶೇಕಡಾ 26.3 ಇದ್ದ ಉನ್ನತ ಶಿಕ್ಷಣದ ದಾಖಲಾತಿಯನ್ನು 2035ಕ್ಕೆ 50ಕ್ಕೆ ಏರಿಸುವುದು, 15 ವರ್ಷಗಳಲ್ಲಿ ಸಂಯೋಜನೆಯ ಪದ್ಧತಿಯನ್ನು ಹಂತಹಂತವಾಗಿ ತೆಗೆಯುವುದು ಅದರ ಗುರಿ. ನಾಲ್ಕು ವರ್ಷದ ಪದವಿಯ ಕೊನೆಯಲ್ಲಿ ವಿದ್ಯಾರ್ಥಿ ತಾನೇ ಒಂದು ಸಂಶೋಧನೆ ಮಾಡಬಹುದೆಂಬುದು ಈ ಗುರಿಗಳ ಜೊತೆಗೇ ಬಂದ ಮಾತು.

ಈ ಕೊನೆಯ ಮಾತಿನ ತೂಕ ತಿಳಿಯಬೇಕಾದರೆ ಒಂದು ಲೆಕ್ಕ ನೋಡಿ. 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿದ್ದವರು ಸುಮಾರು 4.33 ಕೋಟಿ. ಅವರಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು ಎರಡು ಲಕ್ಷದ ಆಸುಪಾಸು. ಸಾವಿರಕ್ಕೆ ಐವರು! ಮಿಕ್ಕ 995 ಮಂದಿಗೆ ಸಂಶೋಧನೆಯೆಂದರೆ ಯಾರೋ ಎಲ್ಲೋ ಮಾಡುವ ಕೆಲಸ. ಅದನ್ನು ಸಾಮಾನ್ಯ ಪದವಿಯ ಮಕ್ಕಳ ಕೈಗೆ ಎಟುಕುವಷ್ಟು ಕೆಳಗಿಳಿಸಿದ್ದು ಈ ನೀತಿಯ ದೊಡ್ಡ ಗುಣ. ನಮ್ಮ ತಕರಾರು ಇರುವುದು ಇಳಿಸಿದ ರೀತಿಯ ಬಗ್ಗೆ.

ಹಳೆಯ ಗಾಯ

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸುತ್ತಿದ್ದವು. ಪಾಠ ಕಾಲೇಜಿನದು, ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು, ಪಾಸಾದವನು ಕಚೇರಿಯ ಪಾಲು. ನಮ್ಮಂಥ ಗುಮಾಸ್ತರ ಮೂಲಪುರುಷರು ಅಲ್ಲಿಂದಲೇ ಹೊರಬಂದವರು. ಧಾರವಾಡದ ಹುಡುಗರು ಮುಂಬಯಿಯ ಪರೀಕ್ಷೆ ಬರೆಯುತ್ತಿದ್ದ ಕಾಲವೊಂದಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲೇ. ಧಾರವಾಡಕ್ಕೆ ಹೋದದ್ದು 1950ರಲ್ಲಿ. ನಮ್ಮ ಹಾಗೆ ಅದೂ ಕೆಲಕಾಲ ಹೊರನಾಡಿನಲ್ಲಿದ್ದದ್ದೇ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಹೀಗಿದ್ದರೂ ಆ ಪರೀಕ್ಷೆಯ ಕಾರ್ಖಾನೆಗಳ ಒಳಗೇ ನಿಜವಾದ ಸಂಶೋಧನೆ ನಡೆಯಿತು. ಸತ್ಯೇಂದ್ರನಾಥ ಬೋಸರು 1924ರಲ್ಲಿ ಐನ್‌ಸ್ಟೈನರಿಗೆ ಕಳಿಸಿದ ಪ್ರಬಂಧ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗಿನ ಕೆಲಸ. ಹಳೆಯ ವಿವರಣೆ ತರಗತಿಯಲ್ಲಿ ತೃಪ್ತಿ ಕೊಡಲಿಲ್ಲ, ಹೊಸದನ್ನು ಹುಡುಕಿದರು. ಸಿ.ವಿ. ರಾಮನ್ 1907ರಲ್ಲಿ ಕಲ್ಕತ್ತಕ್ಕೆ ಬಂದದ್ದು ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ. ಕಚೇರಿಗೆ ಮುಂಚೆ, ಕಚೇರಿಯ ನಂತರ ಪ್ರಯೋಗ ಮಾಡುತ್ತಿದ್ದ ಅವರು 1917ರಲ್ಲಿ ಕಡಿಮೆ ಸಂಬಳಕ್ಕೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದ ರಾಮಾನುಜನ್ ಅವರಿಗೆ ಪದವಿಯೇ ಇರಲಿಲ್ಲ. ಆದರೂ 1913ರಲ್ಲಿ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. ನಿಯಮ ಪುಸ್ತಕವನ್ನು ಸ್ವಲ್ಪ ಪಕ್ಕಕ್ಕಿಟ್ಟ ಆ ಅಧಿಕಾರಿಗಳಿಗೆ ನಮ್ಮ ನಮಸ್ಕಾರ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಗಾಳಿ ಬದಲಾಯಿತು. 1942ರಲ್ಲಿ ಸಿ.ಎಸ್.ಐ.ಆರ್., 1945ರಲ್ಲಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ (ಮೊದಲು ಬೆಂಗಳೂರಿನಲ್ಲಿ, ಆಮೇಲೆ ಮುಂಬಯಿಯಲ್ಲಿ), ಅದರ ಹಿಂದೆಯೇ ರಾಷ್ಟ್ರೀಯ ಪ್ರಯೋಗಶಾಲೆಗಳ ಸಾಲು. ಇವು ದೇಶಕ್ಕೆ ಮಾಡಿದ ಸೇವೆ ಸಣ್ಣದಲ್ಲ. ಆದರೆ ಒಳ್ಳೆಯ ಉಪಕರಣ, ಒಳ್ಳೆಯ ಸಂಬಳ, ಒಳ್ಳೆಯ ತಲೆಗಳೆಲ್ಲ ಅತ್ತ ಹೋದವು. ವಿದ್ಯಾರ್ಥಿಗಳು ಇತ್ತ ಉಳಿದರು. ಸಂಶೋಧನೆಯನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಬಾರದೆಂದು ಮೇಘನಾದ ಸಹಾ ಅಂದೇ ವಾದಿಸಿದರು. ಅವರ ಶಿಷ್ಯರೇ ಆದ, ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಡಿ.ಎಸ್. ಕೊಠಾರಿ, 1964-66ರ ಆಯೋಗದ ವರದಿಯಲ್ಲಿ ಆರು ವಿಶ್ವವಿದ್ಯಾಲಯಗಳನ್ನಾದರೂ ಜಗತ್ತಿನ ಮಟ್ಟಕ್ಕೆ ಏರಿಸಿ ಎಂದರು. ರಾಷ್ಟ್ರೀಯ ಆದಾಯದ ಶೇಕಡಾ 6ನ್ನು ಶಿಕ್ಷಣಕ್ಕೆ ಕೊಡಿ ಎಂದರು. ಆ ಶೇಕಡಾ 6 ಎಂಬ ಮಾತು 1968ರ ನೀತಿಯಲ್ಲಿ ಬಂತು, 1986ರದರಲ್ಲಿ ಬಂತು, 2020ರದರಲ್ಲೂ ಬಂತು. ಅರ್ಧ ಶತಮಾನದಿಂದ 'ಬಾಕಿ' ಎಂದು ಮುಂದಕ್ಕೆ ಒಯ್ಯುತ್ತಿರುವ ಇಂಥ ಕಡತವನ್ನು ನಮ್ಮ ಸೆಕ್ಷನ್ನಿನಲ್ಲಿ ಇಟ್ಟುಕೊಂಡಿದ್ದರೆ ಮೆಮೊ ಬರುತ್ತಿತ್ತು.

ಈಗ ನೀತಿ ಕೊಟ್ಟ ಮದ್ದು ನೋಡಿ. ಉನ್ನತ ಶಿಕ್ಷಣ ಸಂಸ್ಥೆಗಳು ಮೂರು ಬಗೆಯವಾಗುತ್ತವೆಯಂತೆ: ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯ, ಬೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯ, ತಾನೇ ಪದವಿ ಕೊಡುವ ಸ್ವಾಯತ್ತ ಕಾಲೇಜು. ಇವುಗಳ ನಡುವೆ ಗೋಡೆಯಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗಬಹುದು ಎಂದು ನೀತಿ ಎಚ್ಚರಿಕೆಯಿಂದ ಹೇಳಿದೆ. ಆದರೆ ಸರಕಾರಿ ಹಣ ಹರಿಯುವ ದಾರಿ ಬಲ್ಲವರಿಗೆ ಗೊತ್ತು: ಹೆಸರಿನ ಮುಂದೆ 'ಸಂಶೋಧನೆ' ಎಂದು ಬರೆದುಕೊಂಡವರ ಕಡೆಗೇ ಅದು ಮೊದಲು ಹರಿಯುತ್ತದೆ. ತಾಲೂಕು ಕೇಂದ್ರದ ಡಿಗ್ರಿ ಕಾಲೇಜು ಮತ್ತೆ 'ಬೋಧನೆ'ಯ ಪಾಲು. ಹಳೆಯ ಗಾಯವನ್ನು ಗುರುತಿಸಿದ ವೈದ್ಯರೇ ಅದೇ ಜಾಗದಲ್ಲಿ ಮತ್ತೆ ಗೆರೆ ಎಳೆದಿದ್ದಾರೆಂದು ನಮ್ಮ ಸಂಶಯ.

ಎಣಿಸಿದ್ದೇ ಸಂಶೋಧನೆ

ಸಂಶೋಧನೆಯನ್ನು ಬೆಳೆಸಲು ಈ ಹಿಂದೆ ಮಾಡಿದ ಪ್ರಯತ್ನಗಳನ್ನು ನೆನೆದರೆ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟಿಸಿರಬೇಕೆಂದು ಯು.ಜಿ.ಸಿ. 2009ರಲ್ಲಿ ವಿಧಿಸಿತು. ಅಧ್ಯಾಪಕರ ಬಡ್ತಿಗೆ ಪ್ರಕಟಣೆಗಳನ್ನು ಅಂಕಗಳಲ್ಲಿ ಎಣಿಸುವ ಪದ್ಧತಿ 2010ರಲ್ಲಿ ಬಂತು. ಉದ್ದೇಶ ಒಳ್ಳೆಯದೇ. ಪರಿಣಾಮವೇನು? ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಅವನ್ನು ಜರಡಿ ಹಿಡಿಯಲು 2018-19ರಲ್ಲಿ 'ಕೇರ್' ಎಂಬ ಪಟ್ಟಿ ಬಂತು. 2022ರಲ್ಲಿ ಪಿಎಚ್.ಡಿ.ಯ ಪ್ರಕಟಣೆಯ ಕಡ್ಡಾಯವನ್ನೇ ಕೈಬಿಟ್ಟರು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು. ರೋಗಕ್ಕೆ ಮದ್ದು, ಮದ್ದಿನ ರೋಗಕ್ಕೆ ಇನ್ನೊಂದು ಮದ್ದು.

ಇದರಲ್ಲಿ ಆಶ್ಚರ್ಯಪಡುವಂಥದು ನಮಗೆ ಕಾಣಲಿಲ್ಲ. ವಿಲೇವಾರಿಯಾದ ಪತ್ರಗಳನ್ನು ಎಣಿಸುತ್ತಾರೆಂದು ಗೊತ್ತಾದ ತಿಂಗಳು ಯಾವ ಕಚೇರಿಯಲ್ಲಾದರೂ ಒಂದು ಪತ್ರಕ್ಕೆ ಮೂರು ಉತ್ತರ ಹೋಗುತ್ತವೆ. ಎಣಿಸಿದ್ದು ಬೆಳೆಯುತ್ತದೆ, ಬೇಕಾದ್ದು ಬೆಳೆಯುವುದಿಲ್ಲ.

ನೀತಿ ಕಲ್ಪಿಸಿದ್ದ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ 2023ರಲ್ಲಿ 'ಅನುಸಂಧಾನ' ಎಂಬ ಹೆಸರಿನ ಕಾಯಿದೆಯಾಗಿ ಬಂದಿದೆ. ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಸಂಶೋಧನೆಯ ಬೀಜ ಬಿತ್ತುವುದು ಅದರ ಕೆಲಸ. 2023ರಿಂದ 2028ರವರೆಗೆ 50,000 ಕೋಟಿ ರೂಪಾಯಿ ಎಂದು ಘೋಷಿಸಿದರು. ಆದರೆ ಅದರಲ್ಲಿ ಸರಕಾರದ ಪಾಲು 14,000 ಕೋಟಿ. ಮಿಕ್ಕ 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ, ಇತರ ಮೂಲಗಳಿಂದ ಬರಬೇಕಾದ್ದು. ಮದುವೆಯ ಖರ್ಚಿನ ಮುಕ್ಕಾಲು ಭಾಗ ಮುಯ್ಯಿಯಿಂದ ಬರುತ್ತದೆಂದು ನಂಬಿ ಛತ್ರ ಹಿಡಿದ ಹಾಗೆ! ಮುಯ್ಯಿ ಬಂದರೆ ಸಂತೋಷ. ಬಾರದಿದ್ದರೆ ಮೊದಲು ಎಲೆ ಎತ್ತುವುದು ಕೊನೆಯ ಪಂಕ್ತಿಯಿಂದ; ಆ ಪಂಕ್ತಿಯಲ್ಲಿ ಕೂತಿರುವುದು ನಮ್ಮ ಸಣ್ಣ ಊರಿನ ಕಾಲೇಜು.

ತೊಂಬತ್ತೆಂಟರ ಸುತ್ತಿನ ಒಂದು ಕಥೆ

ಇಲ್ಲಿ ನಮ್ಮದೇ ಒಂದು ಸಂಗತಿ ಹೇಳಬೇಕು. ಬಿ.ಎಸ್ಸಿ. ಮೊದಲನೆಯ ವರ್ಷದಲ್ಲಿ ಬಾರ್ ಪೆಂಡುಲಮ್ಮಿನಿಂದ ಗುರುತ್ವಾಕರ್ಷಣೆಯ ಬೆಲೆ ಕಂಡುಹಿಡಿಯುವ ಪ್ರಯೋಗವಿತ್ತು. ಉತ್ತರ ಸುಮಾರು 980 ಬರಬೇಕು. ನಮಗೆ 941 ಬಂತು. ಮತ್ತೆ ಮಾಡಿದೆವು, 943. ರೆಕಾರ್ಡ್ ಪುಸ್ತಕ ನೋಡಿದ ಮೇಷ್ಟ್ರು, "ಏನಯ್ಯಾ, ಭೂಮಿ ನಿನ್ನೊಬ್ಬನನ್ನ ಮಾತ್ರ ಬೇರೆ ಥರ ಎಳೆಯುತ್ತಾ? ಹೋಗು, ತಿದ್ದಿಕೊಂಡು ಬಾ" ಎಂದರು. ಸೀನಿಯರ್ ಹುಡುಗನೊಬ್ಬ ದಾರಿ ತೋರಿಸಿದ: 980 ಎಂದು ಮೊದಲು ಬರೆದುಕೊಂಡು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವುದು, ಅದಕ್ಕೆ ತಕ್ಕ ಸೆಕೆಂಡುಗಳನ್ನು ಪಟ್ಟಿಯಲ್ಲಿ ತುಂಬುವುದು. ತುಂಬಿದೆವು. ಹತ್ತಕ್ಕೆ ಒಂಬತ್ತು ಅಂಕ ಬಂತು.

ಆ 941 ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕತ್ತಿಯಂಚು ಸವೆದಿತ್ತೆ, ಗೋಡೆಯ ಚೌಕಟ್ಟು ಅಲುಗಾಡುತ್ತಿತ್ತೆ, ಸ್ಟಾಪ್ ವಾಚ್ ನಿಧಾನವಾಗಿತ್ತೆ? ಕೇಳಿದ್ದರೆ ಅದೇ ಸಂಶೋಧನೆಯಾಗುತ್ತಿತ್ತು. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿರಲಿಲ್ಲ. ಒಂದು ಮಧ್ಯಾಹ್ನದ ಸಮಯ, "ಯಾಕೆ ಹೀಗಾಯ್ತು ನೋಡೋಣ ಬಾ" ಎನ್ನುವ ಒಬ್ಬ ಮೇಷ್ಟ್ರು ಬೇಕಿತ್ತು. ಮೇಷ್ಟ್ರನ್ನು ದೂರಿ ಫಲವಿಲ್ಲ. ಅವರ ಮುಂದೆ ಅರವತ್ತು ಹುಡುಗರಿದ್ದರು, ನಾಲ್ಕು ಪೆಂಡುಲಮ್ಮುಗಳಿದ್ದವು, ಪರೀಕ್ಷೆ ಎದುರಿಗಿತ್ತು.

ಆಮೇಲೆ ಕಚೇರಿಗೆ ಬಂದೆವು. ಲೆಕ್ಕದ ಪಟ್ಟಿಯಲ್ಲಿ ಎರಡು ಮೊತ್ತ ತಾಳೆಯಾಗದಿದ್ದಾಗ ಮೊದಲು ಮನಸ್ಸಿಗೆ ಬಂದದ್ದು ಅದೇ ವಿದ್ಯೆ: ಉತ್ತರದಿಂದ ಹಿಂದಕ್ಕೆ ಹೋಗುವುದು. ನಮ್ಮ ಮೊದಲ ಸೆಕ್ಷನ್ ಆಫೀಸರು ಪುಣ್ಯಾತ್ಮರು. ಪಟ್ಟಿಯನ್ನು ನಮ್ಮ ಮುಂದಿಟ್ಟು, "ವ್ಯತ್ಯಾಸವನ್ನು ಮುಚ್ಚಬೇಡಿ, ಹುಡುಕಿ" ಎಂದರು. ಎರಡು ದಿನ ಹುಡುಕಿದೆವು, ಸಿಕ್ಕಿತು. ಕಾಲೇಜಿನ ಮೂರು ವರ್ಷ ಕಲಿಸದ ವಿಜ್ಞಾನವನ್ನು ಆ ಎರಡು ದಿನ ಕಲಿಸಿದವು.

ಕಸುಬಿಗೆ ತಯಾರಿ

ಈ ಮಾತು ನಮ್ಮನ್ನು ನೀತಿಯ ಇನ್ನೊಂದು ಅಧ್ಯಾಯಕ್ಕೆ ಒಯ್ಯುತ್ತದೆ. 'ಪದವೀಧರರಿಗೆ ಕೆಲಸ ಬರುವುದಿಲ್ಲ' ಎಂಬ ದೂರು ಇಂದಿನದಲ್ಲ. 2025ರೊಳಗೆ ಶಾಲೆ ಕಾಲೇಜುಗಳ ಅರ್ಧದಷ್ಟಾದರೂ ವಿದ್ಯಾರ್ಥಿಗಳಿಗೆ ಕಸುಬಿನ ಶಿಕ್ಷಣದ ಪರಿಚಯವಾಗಬೇಕೆಂದು ನೀತಿ ತಾರೀಖು ಹಾಕಿತ್ತು. ಆ ತಾರೀಖು ಹೋಗಿಯಾಯಿತು. ನಮ್ಮ ಬೀದಿಯ ಮಕ್ಕಳಲ್ಲಿ ಅಂಥ ಪರಿಚಯವಾದವರನ್ನು ನಾವು ಹುಡುಕುತ್ತಲೇ ಇದ್ದೇವೆ.

ಕಸುಬನ್ನು ಕಲಿಸುವ ಕ್ರಮ ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. ವೈದ್ಯ ವಿದ್ಯಾರ್ಥಿ ಹನ್ನೆರಡು ತಿಂಗಳು ಹೌಸ್ ಸರ್ಜನ್ ಆಗಿ ದುಡಿಯದೆ ವೈದ್ಯನಾಗುವಂತಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಾದವರು ಹಿರಿಯರ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಲೇಬೇಕು. 2023ರವರೆಗೆ ಮೂರು ವರ್ಷ ಇದ್ದದ್ದು ಈಗ ಎರಡು. ಬಿ.ಎಸ್ಸಿ. ಓದಿದವರಿಗೆ ಮಾತ್ರ ಇಂಥದು ಯಾವುದೂ ಕಟ್ಟಲೆಯಾಗಲಿಲ್ಲ. ಕುಡಿಯುವ ನೀರಿನ ಪರೀಕ್ಷಾಲಯ, ಮಣ್ಣಿನ ಪರೀಕ್ಷೆ, ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗ, ಆಹಾರ ಪರೀಕ್ಷೆ, ಹವಾಮಾನ ಕೇಂದ್ರ — ಇವೆಲ್ಲ ಬಿ.ಎಸ್ಸಿ. ಕೈಗಳನ್ನೇ ಕಾಯುವ ಜಾಗಗಳು. ಶಿಶಿಕ್ಷು ಕಾಯಿದೆ ಬಂದದ್ದು 1961ರಲ್ಲಿ. ಇಂಜಿನಿಯರಿಂಗ್ ಅಲ್ಲದ ಪದವೀಧರರಿಗೆ ಅದರ ಬಾಗಿಲು ತೆರೆದದ್ದು 2014ರ ತಿದ್ದುಪಡಿಯಲ್ಲಿ. ಐವತ್ಮೂರು ವರ್ಷ!

2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂತು: ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000 ರೂಪಾಯಿ. ಕಲ್ಪನೆ ಚೆನ್ನಾಗಿದೆ. ಆದರೆ ಹೊರನಾಡಿನಲ್ಲಿ ಮನೆ ಮಾಡಿದ ಓದುಗರೇ ಹೇಳಿ: ಚಿತ್ರದುರ್ಗದ ಹುಡುಗಿಯೊಬ್ಬಳು ಪುಣೆಗೋ ಹೈದರಾಬಾದಿಗೋ ಬಂದು 5,000 ರೂಪಾಯಿಯಲ್ಲಿ ಪೇಯಿಂಗ್ ಗೆಸ್ಟ್ ಬಾಡಿಗೆ, ಊಟ, ಬಸ್ಸು ಎಲ್ಲವನ್ನೂ ತೂಗಿಸುವುದು ಸಾಧ್ಯವೆ? ಅಪ್ಪನಿಂದ ತರಿಸಿಕೊಳ್ಳಬಲ್ಲವರಿಗಷ್ಟೆ ಅನುಭವ ಸಿಗುವುದಾದರೆ ಅದು ಯಾರ ತಯಾರಿ?

ಇನ್ನೂ ಒಂದು ಮಾತು. ನೀತಿಯಲ್ಲಿ 'ಸಂಶೋಧನೆ' ಒಂದು ಅಧ್ಯಾಯ, 'ಕಸುಬು' ಬೇರೆ ಅಧ್ಯಾಯ. ಮೊದಲನೆಯದು ಜಾಣರಿಗೆ, ಎರಡನೆಯದು ಮಿಕ್ಕವರಿಗೆ ಎಂಬ ಭಾವನೆ ಓದುತ್ತ ಹೋದಂತೆ ತಾನಾಗಿ ಮೂಡುತ್ತದೆ. ನಮ್ಮ ಅನುಭವ ಹಾಗಿಲ್ಲ. 941 ಯಾಕೆ ಬಂತೆಂದು ಹುಡುಕಿದ ಹುಡುಗನೇ ನಾಳೆ ನೀರಿನ ಪರೀಕ್ಷಾಲಯದಲ್ಲಿ ಸುಳ್ಳು ವರದಿಗೆ ಸಹಿ ಹಾಕಲು ಹಿಂಜರಿಯುವವನು. 980 ಎಂದು ತಿದ್ದಿ ಒಂಬತ್ತು ಅಂಕ ಪಡೆದವನನ್ನು ಯಾವ ಕೌಶಲ್ಯ ಕೇಂದ್ರವೂ ಮೂರು ತಿಂಗಳಲ್ಲಿ ರಿಪೇರಿ ಮಾಡಲಾರದು. ಎಲ್ಲರೂ ಸಂಶೋಧಕರಾಗಬೇಕಿಲ್ಲ. ಆದರೆ ಉತ್ತರ ಮೊದಲೇ ಗೊತ್ತಿಲ್ಲದ ಒಂದು ಪ್ರಶ್ನೆಯ ಎದುರಿಗೆ ಪ್ರತಿಯೊಬ್ಬ ಪದವೀಧರನೂ ಒಮ್ಮೆಯಾದರೂ ಕೂತಿರಬೇಕು.

ಮೂರೋ ನಾಲ್ಕೋ?

ಈ ವಿಚಾರದಲ್ಲಿ ಮಕ್ಕಳನ್ನು ಚೆಂಡಿನಂತೆ ಆಡಿಸಿದ್ದು ಸಾಲದೆ? ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿ ತಂದಿತು, 2014ರಲ್ಲಿ ಹಿಂತೆಗೆದುಕೊಂಡಿತು, 2022ರಲ್ಲಿ ಮತ್ತೆ ತಂದಿತು. ಕರ್ನಾಟಕ 2021ರಲ್ಲಿ ಎಲ್ಲ ರಾಜ್ಯಗಳಿಗಿಂತ ಮುಂಚೆ ಹೊಸ ನೀತಿಯನ್ನು ಅಪ್ಪಿಕೊಂಡಿತು, ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿದವರಿಗೆ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು. ಮೂರು ವರ್ಷದ ಪರವಾಗಿಯೂ ನ್ಯಾಯವಿದೆ: ಕೂಲಿ ಮಾಡಿ ಓದಿಸುವ ತಾಯಿಗೆ ಇನ್ನೊಂದು ವರ್ಷವೆಂದರೆ ಇನ್ನೊಂದು ಸಾಲ, ಕೋಣೆಯೂ ಅಧ್ಯಾಪಕರೂ ಇಲ್ಲದ ಕಡೆ ನಾಲ್ಕನೆಯ ವರ್ಷ ಮೂರನೆಯದರ ನೆರಳು ಅಷ್ಟೆ. ನಾಲ್ಕು ವರ್ಷದ ಪರವಾಗಿಯೂ ನ್ಯಾಯವಿದೆ: ಅದನ್ನು ಮುಗಿಸಿದವರಿಗೆ ಸ್ನಾತಕೋತ್ತರ ಪದವಿ ಒಂದೇ ವರ್ಷ; ಶೇಕಡಾ 75 ಬಂದವರಿಗೆ ನೇರವಾಗಿ ಪಿಎಚ್.ಡಿ.ಯ ದಾರಿ. ಅನ್ಯಾಯವಿರುವುದು ಆಡಳಿತ ಬದಲಾದಾಗಲೆಲ್ಲ ಪದವಿಯ ಉದ್ದ ಬದಲಾಗುವುದರಲ್ಲಿ.

ಹೀಗಾಗಿ 'ಮೂರೋ ನಾಲ್ಕೋ' ಎಂಬ ತಂಗಿಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ವರ್ಷ ಎಣಿಸಬೇಡ, ವರ್ಷದೊಳಗೆ ಏನಿದೆ ಕೇಳು. ಇಂಥದೇ ಗೊಂದಲದಲ್ಲಿರುವ ಓದುಗ ಬಂಧುಗಳಿಗೂ ನಾಲ್ಕು ಪ್ರಶ್ನೆಗಳನ್ನು ಕೊಡುತ್ತೇವೆ. ಕಾಲೇಜಿಗೆ ಹೋಗಿ ಸಂಕೋಚವಿಲ್ಲದೆ ಕೇಳಿ. ಒಂದು, ಮಾರ್ಗದರ್ಶಕರು ಕಾಯಂ ಅಧ್ಯಾಪಕರೆ, ಒಬ್ಬರ ಪಾಲಿಗೆ ಎಷ್ಟು ಮಕ್ಕಳು? ಎರಡು, ಉಪಕರಣ ಬೀರುವಿನಲ್ಲಿದೆಯೆ, ಮೇಜಿನ ಮೇಲಿದೆಯೆ? ಮೂರು, ಮಕ್ಕಳಿಗೆ ಕೊಡುವ ಪ್ರಶ್ನೆಯ ಉತ್ತರ ಹೋದ ವರ್ಷದ ಪ್ರಬಂಧದಲ್ಲೇ ಇದೆಯೆ? ನಾಲ್ಕು, ಒಂದು ವರ್ಷದ ಎಂ.ಎಸ್ಸಿ. ಎಲ್ಲೆಲ್ಲಿ ಇದೆ? ಮೊದಲ ಮೂರಕ್ಕೆ ಒಳ್ಳೆಯ ಉತ್ತರ ಬಂದರೆ ಸಾಲ ಮಾಡಿಯಾದರೂ ಓದಿಸಿ. ಬಾರದಿದ್ದರೆ ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರುವುದೇ ಮೇಲು.

ನಮ್ಮ ಮಗಳು ಕೇಳಿಬಂದಳು. ಅಧ್ಯಾಪಕಿಯೊಬ್ಬರು, ನಾಲ್ಕು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲವೆಂದೂ, ಕಾಲೇಜಿನ ಸುತ್ತಲ ಕೊಳವೆಬಾವಿಗಳ ನೀರನ್ನು ಪರೀಕ್ಷಿಸುವ ಕೆಲಸವಿದೆಯೆಂದೂ, ಇಷ್ಟವಿದ್ದರೆ ಈಗಿನಿಂದಲೇ ಶನಿವಾರ ಬರಬಹುದೆಂದೂ ಹೇಳಿದರಂತೆ. ಹೋಗತೊಡಗಿದಳು. ನಾವು ಜಿ.ಪಿ.ಎಫ್. ಮುಂಗಡದ ಅರ್ಜಿ ಬರೆದಿಟ್ಟಿದ್ದೇವೆ.

ಮೊನ್ನೆ ಶನಿವಾರ ರಾತ್ರಿ ಎಂಟೂವರೆಗೆ ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಒಂದೇ ಬಾವಿಯ ನೀರಿನ ಗಡಸುತನ ಎರಡು ಸಲಕ್ಕೂ ಎರಡು ಬಗೆಯಾಗಿ ಬಂದಿತ್ತು. "ಅಪ್ಪಾ, ಒಂದನ್ನ ಬಿಟ್ಟು ಬರೆದರೆ ಸರಿಹೋಗುತ್ತೆ" ಎಂದಳು. "ಮೇಡಂ ಏನಂದರು?" ಎಂದು ಕೇಳಿದೆವು. "ಎರಡನ್ನೂ ಬರಿ, ಸೋಮವಾರ ಇನ್ನೊಂದು ಸಲ ನೀರು ತಾ ಅಂದರು."

ಅಷ್ಟು ಹೇಳುವವರೊಬ್ಬರು ಇದ್ದರೆ, ನಾಲ್ಕನೆಯ ವರ್ಷದಲ್ಲಿ ಏನೋ ಇದೆ.